ಅಕ್ಕ ಹಾಕಿದ ಬೀಗ

ನನ್ನ ಬಾಯಿಗೆ ಬೀಗ ಹಾಕುವವರು ಇನ್ನೂ ಹುಟ್ಟಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ಅಕ್ಕನಿಗೂ ಅದು ಆಗಲಿಲ್ಲ. ಅದಕ್ಕೇ ಅವಳು ತನ್ನ ಆಸ್ಪತ್ರೆಯ ಕಡತಕ್ಕೆ ಬೀಗ ಹಾಕಿಸಿದಳು.

ಮೂವತ್ತೊಂದು ವರ್ಷ ನಾನು ನಮ್ಮೂರ ಆಸ್ಪತ್ರೆಯಲ್ಲಿ ಟೈಪು ಕುಟ್ಟಿದವಳು. ಡಾಕ್ಟರುಗಳು ಯಂತ್ರಕ್ಕೆ ಮಾತಾಡಿ ಹೋಗುತ್ತಾರೆ, ನಾವು ಕಿವಿಗೆ ಸಿಕ್ಕಿಸಿಕೊಂಡು ಅದನ್ನು ರೋಗಿಯ ಕಡತಕ್ಕೆ ಇಳಿಸುತ್ತೇವೆ. ಈ ಸೀಮೆಯ ಅರ್ಧ ಜನರ ಮೂಲವ್ಯಾಧಿ, ಸಕ್ಕರೆ, ಬಸಿರು, ಕುಡಿತ ಎಲ್ಲವೂ ನನ್ನ ಹತ್ತು ಬೆರಳುಗಳ ಮೂಲಕ ಹಾದು ಹೋಗಿವೆ. ಒಂದು ಮಾತು ಹೊರಗೆ ಬಿಟ್ಟವಳಲ್ಲ. ನಮ್ಮ ಸ್ವೀಡನ್ನಿನಲ್ಲಿ ಈಗ ಒಂದು ಊರಿನ ದವಾಖಾನೆಯ ಕಡತ ಇನ್ನೊಂದು ಊರಿನ ಆಸ್ಪತ್ರೆಯ ಪರದೆಯ ಮೇಲೂ ತೆರೆದುಕೊಳ್ಳುತ್ತದೆ. ಆದರೆ ನಿನ್ನ ಕೈಗೆ ಬಂದ ರೋಗಿಯದನ್ನು ಮಾತ್ರ ನೀನು ಓದಬೇಕು. ಗಂಡನದ್ದನ್ನೂ ಓದುವ ಹಾಗಿಲ್ಲ, ತಾಯಿಯದ್ದನ್ನೂ ಇಲ್ಲ. ಓದಿದರೆ ಕೆಲಸವೂ ಹೋಯಿತು, ಪೊಲೀಸರೂ ಬಂದರು. ಯಾರು, ಎಷ್ಟು ಗಂಟೆಗೆ, ಯಾರದ್ದನ್ನು ತೆರೆದರು ಎಂಬುದು ಯಂತ್ರದಲ್ಲಿ ಬರೆದಿರುತ್ತದೆ. ಇದನ್ನೆಲ್ಲ ಹೊಸಬರಿಗೆ ಹೇಳಿಕೊಡುತ್ತಿದ್ದವಳೇ ನಾನು.

ಅಮ್ಮನ ಅಂತ್ಯಕ್ರಿಯೆಯ ದಿನ ಅಕ್ಕ ಮಾಯ್‌ಲಿಸ್ ಇಗರ್ಜಿಯ ಆರು ಮೆಟ್ಟಿಲು ಹತ್ತಲಾರದೆ ನಡುವೆ ನಿಂತಳು. ಮುಖ ಸುಣ್ಣ ಬಳಿದ ಹಾಗಿತ್ತು. ನನಗಿಂತ ಏಳು ವರ್ಷ ದೊಡ್ಡವಳು, ಮದುವೆಯಾಗಲಿಲ್ಲ, ಪಕ್ಕದ ಪ್ರಾಂತದ ಬ್ಯೋರ್ಕೋಸ್ ಎಂಬ ಹಳ್ಳಿಯಲ್ಲಿ ಒಬ್ಬಳೇ ಇದ್ದವಳು. "ಏನಾಯ್ತೇ ಅಕ್ಕಾ?" ಎಂದೆ. "ಏನಿಲ್ಲ" ಎಂದಳು. ನಮ್ಮಕ್ಕನ "ಏನಿಲ್ಲ" ನನಗೆ ಗೊತ್ತಿಲ್ಲವೇ? ಮುಂದಿನ ಮಂಗಳವಾರ ಮಧ್ಯಾಹ್ನ ಕೋಣೆಯಲ್ಲಿ ಯಾರೂ ಇರಲಿಲ್ಲ. ಹುಟ್ಟಿದ ದಿನದಿಂದ ಶುರುವಾಗುವ ಅವಳ ಗುರುತಿನ ಸಂಖ್ಯೆ ನನಗೆ ಬಾಯಿಪಾಠ. ಬೆರಳು ತಾನೇ ಹೊಡೆಯಿತು. ಹೃದಯದ ಬಡಿತ ತಾಳ ತಪ್ಪುತ್ತಿದೆ, ರಕ್ತ ತೆಳುವಾಗಿಸುವ ಮಾತ್ರೆ ಇಂದಿನಿಂದ ಆರಂಭ. ಇಷ್ಟು ಓದುವಷ್ಟರಲ್ಲಿ ಹೊರಗೆ ಹೆಜ್ಜೆ ಸಪ್ಪಳ ಕೇಳಿ ಮುಚ್ಚಿಬಿಟ್ಟೆ. ಶೌಚಾಲಯಕ್ಕೆ ಹೋಗಿ ಅತ್ತೆ. ಅಷ್ಟಕ್ಕೇ ಬಿಟ್ಟಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ.

ಮೂರು ವಾರವಾದ ಮೇಲೆ ಅವಳ ಅಡುಗೆಮನೆಯಲ್ಲಿ ಕೂತಿದ್ದೆವು. ಅವಳು ಮೂರನೇ ಲೋಟ ಕಾಫಿ ಬಗ್ಗಿಸಿಕೊಂಡಳು. ನನ್ನ ಹಾಳು ಬಾಯಿ ಅಂದೇಬಿಟ್ಟಿತು: "ಆ ಹೃದಯ ಇಟ್ಕೊಂಡು ಮೂರನೇ ಕಾಫೀನಾ?"

ಕೆಟಲನ್ನು ಮೆಲ್ಲಗೆ ಕೆಳಗಿಟ್ಟಳು. "ನನ್ನ ಹೃದಯದ ವಿಷಯ ನಿನಗ್ಯಾರು ಹೇಳಿದ್ದು?"

"ಇಲ್ಲ, ಅವತ್ತು ಮೆಟ್ಲು ಹತ್ತೋವಾಗ..."

"ನಾನು ಯಾರಿಗೂ ಹೇಳಿಲ್ಲ, ಬ್ರಿಟ್ಟಾ."

ಅವಳು ಯಂತ್ರದ ದಾಖಲೆ ತರಿಸಿಕೊಂಡಳು. ಅದು ಪ್ರತಿಯೊಬ್ಬ ರೋಗಿಯ ಹಕ್ಕು. ಒಂದು ಭಾನುವಾರ ಕಾಗದ ಹಿಡಿದುಕೊಂಡು ನಮ್ಮ ಮನೆ ಬಾಗಿಲಿಗೇ ಬಂದಳು. ಕೋಟೂ ಬಿಚ್ಚಲಿಲ್ಲ.

"ಮಂಗಳವಾರ, ಎರಡು ಗಂಟೆ ಮೂವತ್ತೆರಡು ನಿಮಿಷ. ನಿಮ್ಮ ಆಸ್ಪತ್ರೆ, ಟೈಪಿಂಗ್ ವಿಭಾಗ. ಅಲ್ಲಿ ಎಷ್ಟು ಜನ ಕೂರ್ತೀರಿ?"

"ಮೂರು ಜನ."

"ಆ ಮೂರರಲ್ಲಿ ನನ್ನ ತಂಗಿಯರು ಎಷ್ಟು?"

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. "ಕಂಪ್ಲೇಂಟ್ ಕೊಡಲ್ಲ. ಒಡಹುಟ್ಟಿದವಳ ಹೊಟ್ಟೆ ಮೇಲೆ ಹೊಡೆಯೋಳಲ್ಲ ನಾನು. ಆದ್ರೆ ನನ್ನ ಬಾಗಿಲು ನಾನು ಹಾಕ್ಕೋತೀನಿ" ಎಂದಳು. ಹಾಕಿಕೊಂಡಳು. ಅವಳ ಹಳ್ಳಿಯ ಪುಟ್ಟ ದವಾಖಾನೆಯ ಹೊರಗೆ ಯಾವ ಆಸ್ಪತ್ರೆಗೂ ಅವಳ ಕಡತ ಕಾಣದ ಹಾಗೆ, ಮಾತ್ರೆಗಳ ಪಟ್ಟಿಯೂ ಕಾಣದ ಹಾಗೆ ತಡೆ ಬರೆಸಿದಳು. ಏನು ಮಾಡಿದರೂ ಅಚ್ಚುಕಟ್ಟಾಗಿ ಮಾಡುವವಳು ಅವಳು. ಎರಡು ವರ್ಷ ಅವಳಿಂದ ಕ್ರಿಸ್‌ಮಸ್ ಕಾರ್ಡ್ ಕೂಡ ಬರಲಿಲ್ಲ.

ಈ ಜೂನಿನಲ್ಲಿ ಇದ್ದಕ್ಕಿದ್ದಂತೆ ಫೋನು. "ಮಧ್ಯಬೇಸಿಗೆ ಹಬ್ಬಕ್ಕೆ ಬರ್ತೀನಿ. ಹೆರಿಂಗ್ ಮೀನಿನ ಉಪ್ಪಿನಕಾಯಿ ನಾನು ತರ್ತೀನಿ. ನೀನು ಹಾಕೋದು ಮೀನಲ್ಲ, ಮುರಬ್ಬ." ಅಷ್ಟೇ. ನಾನು ಫೋನಿಟ್ಟು, ಅಡುಗೆಮನೆಯ ನೆಲದ ಮೇಲೆ ಕೂತು ನಕ್ಕೆ. ನನ್ನ ಗಂಡ ಸಿಕ್ಸ್ಟೆನ್ ಹೆದರಿ ಓಡಿಬಂದ.

ಹಬ್ಬದ ಶುಕ್ರವಾರ ಅವಳು ಬಂದಳು. ಬಿಳಿ ಅಂಗಿ, ಕೈಯಲ್ಲಿ ಎರಡು ಜಾಡಿ. ತೋಟದಲ್ಲಿ ಮೇಜು ಹಾಕಿದ್ದೆವು. ಹೊಸ ಆಲೂಗಡ್ಡೆ, ಸಬ್ಬಸಿಗೆ, ಹುಳಿ ಕೆನೆ, ಫ್ರಿಜ್ಜಿನಲ್ಲಿ ಸ್ಟ್ರಾಬೆರಿ ಕೇಕು. ಹಳೆಯದನ್ನು ಯಾರೂ ಎತ್ತಲಿಲ್ಲ. ಅವಳು ನನ್ನ ಹೆರಿಂಗಿನ ರುಚಿ ನೋಡಿ ಮುಖ ಸಿಂಡರಿಸಿದಳು, ನಾನು ಅವಳ ಕೂದಲಿನ ಬಣ್ಣ ಆಡಿಕೊಂಡೆ. "ಊಟ ಆಗ್ಲಿ. ನಿನಗೊಂದು ಕೊಡೋದಿದೆ" ಎಂದು ಕೈಚೀಲ ತಟ್ಟಿದಳು. ಆಮೇಲೆ ಮುಳ್ಳುಚಮಚ ಅವಳ ಕೈಯಿಂದ ಜಾರಿತು. ಎತ್ತಿಕೊಳ್ಳಲು ಬಗ್ಗಿದವಳು ಹಾಗೇ ಬಲಕ್ಕೆ ವಾಲಿದಳು. ಬಾಯಿ ಒಂದು ಕಡೆಗೆ ಜೋತುಬಿದ್ದಿತ್ತು. ಏನೋ ಹೇಳಲು ಹೋದಳು, ಬರೀ ಗಾಳಿ ಬಂತು. ನಾನು ಗಡಿಯಾರ ನೋಡಿದೆ. ಒಂದು ಗಂಟೆ ಹತ್ತು ನಿಮಿಷ. ಮೂವತ್ತೊಂದು ವರ್ಷ ಇಂಥವನ್ನೇ ಟೈಪು ಮಾಡಿದವಳಿಗೆ ಗಡಿಯಾರ ನೋಡಬೇಕೆಂದು ಯಾರೂ ಹೇಳಿಕೊಡಬೇಕಿಲ್ಲ.

ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದರೆ ಅದನ್ನು ಕರಗಿಸುವ ಔಷಧ ಇದೆ. ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಬೇಗ ಕೊಟ್ಟಷ್ಟೂ ಒಳ್ಳೆಯದು. ಒಂದು ಹತ್ತಕ್ಕೆ ನಾಲ್ಕೂವರೆ ಸೇರಿಸಿ, ಐದು ನಲವತ್ತು. ಆಂಬುಲೆನ್ಸಿನಲ್ಲಿ ಅಕ್ಕನ ಕಾಲ ಹತ್ತಿರ ಕೂತು ನಾನು ಲೆಕ್ಕ ಹಾಕಿದ್ದು ಇದೊಂದನ್ನೇ. ಐದು ನಲವತ್ತು. ದೇವರೇ, ಬೇಕಾದಷ್ಟು ಹೊತ್ತಿದೆ ಅಂದುಕೊಂಡೆ.

ಎರಡೂ ಇಪ್ಪತ್ತಕ್ಕೆ ನಮ್ಮ ಆಸ್ಪತ್ರೆ ಮುಟ್ಟಿದೆವು. ಕರ್ತವ್ಯದಲ್ಲಿದ್ದ ಡಾಕ್ಟರು ನೂಷಿನ್, ಮೂವತ್ತೆರಡರ ಹುಡುಗಿ, ಟೆಹರಾನಿನಲ್ಲಿ ಹುಟ್ಟಿ ಇಲ್ಲಿ ಬೆಳೆದವಳು. ಮುಖಕ್ಕಿಂತ ಅವಳ ದನಿ ನನಗೆ ಹೆಚ್ಚು ಪರಿಚಯ. ಯಂತ್ರಕ್ಕೆ ಹೇಳುವಾಗ ವಾಕ್ಯದ ಬಾಲ ನುಂಗುತ್ತಾಳೆಂದು ನಾನು ಗೊಣಗದ ದಿನವಿಲ್ಲ. ಅವತ್ತು ಅವಳು ಒಂದಕ್ಷರ ನುಂಗಲಿಲ್ಲ. ತಲೆಯ ಸ್ಕ್ಯಾನ್ ಆಯಿತು. ಒಳಗೆ ರಕ್ತ ಸೋರಿಲ್ಲ, ಹೆಪ್ಪೇ. ದೊಡ್ಡಾಸ್ಪತ್ರೆಯ ತಜ್ಞ ಪರದೆಯ ಮೇಲೆ ಬಂದು ಚಿತ್ರ ನೋಡಿದ. ಹೆಪ್ಪು ಸಣ್ಣ ಕವಲಿನಲ್ಲಿದೆ, ತಂತಿ ತೂರಿಸಿ ಎಳೆಯಲಾಗದು, ಕರಗಿಸುವುದೊಂದೇ ದಾರಿ ಎಂದ.

"ಬೇರೇನು ಔಷಧ ತಗೋತಾರೆ?" ನೂಷಿನ್ ಕೇಳಿದಳು. "ಕಡತ ತೆರೀತಿಲ್ಲ. ತಡೆ ಅಂತ ಬರ್ತಿದೆ."

"ತುರ್ತು ಅಂತ ಒತ್ತಿ" ಎಂದೆ.

"ಒತ್ತಿದೆ ಬ್ರಿಟ್ಟಾ. ಯಾವ ದವಾಖಾನೆ ತಡೆ ಹಾಕಿದೆ ಅಂತ ಅಷ್ಟೇ ತೋರಿಸುತ್ತೆ. ಬ್ಯೋರ್ಕೋಸ್. ತೆಗೆಯೋದು ಅವರ ಕೈಲಿದೆ."

ನರ್ಸು ಆಗಲೇ ಫೋನು ಮಾಡಿದ್ದಳು. ಗಂಡಸಿನ ದನಿಯೊಂದು ನಗುನಗುತ್ತ ಹೇಳುತ್ತಿತ್ತು: ದವಾಖಾನೆ ಹಬ್ಬದ ಪ್ರಯುಕ್ತ ಮುಚ್ಚಿದೆ, ಸೋಮವಾರ ಎಂಟು ಗಂಟೆಗೆ ತೆರೆಯುತ್ತದೆ, ಎಲ್ಲರಿಗೂ ಹಬ್ಬದ ಶುಭಾಶಯ. ಈ ದೇಶದಲ್ಲಿ ಸಾಯುವುದಿದ್ದರೂ ಮಧ್ಯಬೇಸಿಗೆಯ ಆಚೆಯೋ ಈಚೆಯೋ ಸಾಯಬೇಕು.

"ರಕ್ತ ತೆಳು ಮಾಡೋ ಮಾತ್ರೆ ತಗೊಳ್ತಾರಾ? ನಿಮಗೆ ಗೊತ್ತಿರೋ ಹಾಗೆ?"

"ನಮಗೇನೂ ಗೊತ್ತಿಲ್ಲ, ಎರಡು ವರ್ಷದಿಂದ ಮಾತೇ ಇರ್ಲಿಲ್ಲ" ಎಂದ ಸಿಕ್ಸ್ಟೆನ್.

ನೂಷಿನ್ ಪರದೆಯ ತಜ್ಞನ ಕಡೆ ತಿರುಗಿದಳು. ಅಂಥ ಮಾತ್ರೆ ತೆಗೆದುಕೊಳ್ಳುವ ಸುಳಿವು ಇಲ್ಲ ಎಂದಾದರೆ ಶುರು ಮಾಡಿ ಎಂದ ಆತ. ನರ್ಸು ಸಣ್ಣ ಶೀಸೆಗೆ ನೀರು ಸೇರಿಸಿ ಅಲುಗಿಸತೊಡಗಿದಳು. ಎರಡು ಐವತ್ತೈದು. ಅಕ್ಕ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದಳು.

ಅಂಥ ಮಾತ್ರೆ ತಿನ್ನುವವರಿಗೆ ಈ ಔಷಧ ಕೊಟ್ಟರೆ ಮಿದುಳೊಳಗೆ ರಕ್ತ ಒಡೆಯುತ್ತದೆ. ಅದನ್ನೂ ಟೈಪು ಮಾಡಿದ್ದೇನೆ, ಎರಡು ಸಲ. ಎರಡೂ ಕಡತಗಳು ಅಲ್ಲಿಗೇ ಮುಗಿದವು.

"ನಿಲ್ಸಿ!" ಎಂದೆ.

ನರ್ಸಿನ ಕೈ ನಿಂತಿತು.

"ತಗೊಳ್ತಾಳೆ. ಎರಡು ವರ್ಷದ ಹಿಂದೆ ಶುರು ಮಾಡಿದ್ರು. ಹೃದಯದ ತಾಳ ತಪ್ಪಿತ್ತು."

"ಅವರು ಹೇಳಿದ್ರಾ ನಿಮಗೆ?"

"ಇಲ್ಲ. ನಾನು ಓದಿದೆ. ಕದ್ದು ಓದಿದೆ. ಆ ತಡೆ ಇರೋದೇ ನನ್ನಿಂದ."

ಸಿಕ್ಸ್ಟೆನ್ ನನ್ನ ಮುಖ ನೋಡಿದ. ಅವನಿಗೂ ನಾನು ಹೇಳಿರಲಿಲ್ಲ. ನೂಷಿನ್ ಮಾತ್ರ ಒಂದು ಕ್ಷಣವೂ ಅದರ ಮೇಲೆ ಕಳೆಯಲಿಲ್ಲ. "ಆಮೇಲೆ ಏನಾಯ್ತು? ಈಗಲೂ ತಗೋತಿದ್ದಾರಾ?"

"ಅಲ್ಲಿಗೇ ಮುಚ್ಚಿಬಿಟ್ಟೆ. ಮುಂದೆ ಓದಲಿಲ್ಲ."

ಅವಳು ಔಷಧ ಕೆಳಗಿಡಿಸಿದಳು. ಆ ಮಾತ್ರೆ ರಕ್ತದಲ್ಲಿದೆಯೇ ಎಂದು ನೋಡುವ ಪರೀಕ್ಷೆ ನಮ್ಮಲ್ಲಿಲ್ಲ. ದೊಡ್ಡಾಸ್ಪತ್ರೆಗೆ ಕಳಿಸಿ ಉತ್ತರ ಬರುವಷ್ಟರಲ್ಲಿ ಆರು ದಾಟುತ್ತದೆ. ಆದರೂ ಕಳಿಸಿದಳು. "ಈಗ ಆ ಕಡತ ಬೇಕೇ ಬೇಕು. ಅಥವಾ ಅದನ್ನು ಬರೆದವರು ಬೇಕು" ಎಂದಳು.

ಮೊದಲು ಅಕ್ಕನನ್ನೇ ಕೇಳೋಣ ಎಂದಳು ನೂಷಿನ್. ಹೌದಾದರೆ ಕಣ್ಣು ಮುಚ್ಚಿ, ಇಲ್ಲವಾದರೆ ಸುಮ್ಮನಿರಿ.

"ನಿಮ್ಮ ಹೆಸರು ಮಾಯ್‌ಲಿಸ್ ಅಲ್ವಾ?"

ಅಕ್ಕ ಕಣ್ಣು ಮುಚ್ಚಿ ತೆರೆದಳು.

"ರಕ್ತ ತೆಳು ಮಾಡೋ ಮಾತ್ರೆ ತಗೊಳ್ತೀರಾ?"

ಮುಚ್ಚಿ ತೆರೆದಳು.

"ನೀವು ಸ್ವೀಡನ್ನಿನ ರಾಜನಾ?"

ಮುಚ್ಚಿ ತೆರೆದಳು. ಅಷ್ಟೇ ಗಂಭೀರವಾಗಿ, ಅಷ್ಟೇ ನಿಧಾನವಾಗಿ. ನಮ್ಮಕ್ಕ, ಊರಿನ ಶಾಲೆಯಲ್ಲಿ ಮೂವತ್ತೈದು ವರ್ಷ ಗಣಿತ ಕಲಿಸಿದವಳು. ನಾನು ಗೋಡೆ ಕಡೆ ತಿರುಗಿ ಹಬ್ಬದ ಬಟ್ಟೆಯ ತೋಳಿನಲ್ಲೇ ಕಣ್ಣೊರೆಸಿಕೊಂಡೆ.

ಅವಳ ಕೈಚೀಲದಲ್ಲಿ ಮಾತ್ರೆಯ ಚೀಟಿ ಇರಬಹುದೆಂದು ಹಾಸಿಗೆಯ ಮೇಲೇ ಸುರಿದೆ. ಬೀಗದ ಕೈ, ಪೆಪ್ಪರ್‌ಮಿಂಟು, ಕರವಸ್ತ್ರ, ಫೋನು. ಒಂದು ಲಕೋಟೆ. ಮೇಲೆ ಅವಳ ದುಂಡು ಅಕ್ಷರದಲ್ಲಿ ನನ್ನ ಹೆಸರು. ಹರಿದೆ. ಒಳಗೆ ಕಾಗದದ ನಕಲು: ಕಡತದ ತಡೆ ತೆಗೆಯುವಂತೆ ಕೋರಿಕೆ. ಸಹಿ, ಬುಧವಾರದ ತಾರೀಖು. ಕೊನೆಯಲ್ಲಿ "ಕಾರಣ, ಬರೆಯುವುದು ಕಡ್ಡಾಯವಲ್ಲ" ಎಂಬ ಸಾಲು. ಅದರ ಮುಂದೆ ಬರೆದಿದ್ದಳು: ನನಗೆ ಇರುವುದು ಒಬ್ಬಳೇ ತಂಗಿ.

ಮೂಲ ಕಾಗದವನ್ನು ಅಂಚೆಗೆ ಹಾಕಿದ್ದಳು. ಅದು ಬ್ಯೋರ್ಕೋಸಿನ ದವಾಖಾನೆಯ ಬಾಗಿಲ ಕಿಂಡಿಯಿಂದ ಒಳಗೆ ಬಿದ್ದು, ಕಾಲೊರಸಿನ ಮೇಲೆ ಸೋಮವಾರಕ್ಕಾಗಿ ಕಾಯುತ್ತಿತ್ತು.

"ಇಗೋ ನೋಡಿ, ತೆಗೀರಿ ಅಂತ ಅವಳೇ ಬರೆದಿದ್ದಾಳೆ! ಸಹಿ ಇದೆ!" ನಾನು ಆ ಕಾಗದವನ್ನು ಪರದೆಯ ಮುಂದೆ ಹಿಡಿದೆ, ಯಂತ್ರಕ್ಕೆ ಓದು ಬರುತ್ತದೆಯೇನೋ ಎಂಬಂತೆ. ನೂಷಿನ್ ನನ್ನ ಭುಜ ಹಿಡಿದು ಕೂರಿಸಿದಳು.

ದವಾಖಾನೆಯ ಯಜಮಾನ ಡಾಕ್ಟರು ತೂರ್‌ಬ್ಯೋರ್ನ್ ಎಂಬವನು. ಮೂರು ನಲವತ್ತಕ್ಕೆ ಅವನ ಹೆಂಡತಿಯ ಫೋನಿನಲ್ಲಿ ಸಿಕ್ಕ. ಕೆರೆಯ ನಡುವಿನ ದ್ವೀಪದಲ್ಲಿ ಅವರ ಬೇಸಿಗೆ ಮನೆ. ಹಿಂದೆ ಅಕಾರ್ಡಿಯನ್ ಕೇಳುತ್ತಿತ್ತು, ಹಬ್ಬಕ್ಕೆ ನೆಟ್ಟ ಹೂವಿನ ಕಂಬದ ಸುತ್ತ ಯಾರೋ ಕಪ್ಪೆಗಳಂತೆ ಕುಪ್ಪಳಿಸುವ ಹಬ್ಬದ ಹಾಡಿಗೆ ಕುಣಿಯುತ್ತಿದ್ದರು.

"ಮಾಯ್‌ಲಿಸ್? ಗೊತ್ತು ಗೊತ್ತು. ಆದ್ರೆ ಏನು ಮಾತ್ರೆ ಅಂದ್ರೆ... ಹೃದಯದ್ದು ಏನೋ ಇತ್ತು. ನಿಲ್ಸಿದ್ವಾ, ಬಿಟ್ವಾ? ನನಗೆ ಎರಡು ಸಾವಿರ ಜನ ಇದ್ದಾರೆ ತಾಯಿ, ಅಂದಾಜಿನ ಮೇಲೆ ಹೇಳೋದು ತಪ್ಪು."

"ಮನೆಯಿಂದಲೇ ತೆರೆಯೋಕಾಗಲ್ವಾ?" ನೂಷಿನ್ ಕೇಳಿದಳು.

"ನನ್ನ ಗುರುತಿನ ಕಾರ್ಡು ದವಾಖಾನೆ ಡ್ರಾಯರಿನಲ್ಲಿದೆ. ಹಬ್ಬಕ್ಕೆ ಯಾಕೆ ತರ್ಲಿ?"

"ಹಾಗಾದ್ರೆ ಹೊರಡಿ!" ಎಂದು ನಾನು ಅವಳ ಕೈಯಿಂದ ಫೋನು ಕಿತ್ತುಕೊಂಡೆ. "ಈಗಲೇ ಹೊರಡಿ! ನಮ್ಮಕ್ಕ ಇಲ್ಲಿ ಮೂಕಿ ಆಗ್ತಿದ್ದಾಳೆ!"

"ನಾನು ಮೂರು ಗ್ಲಾಸು ಹಾಕಿದ್ದೀನಿ" ಎಂದ ಅವನು ಸಣ್ಣ ದನಿಯಲ್ಲಿ. "ಇಲ್ಲಿ ಎಲ್ರೂ ಹಾಕಿದ್ದಾರೆ."

ನಮ್ಮಲ್ಲಿ ಒಂದು ಗುಟುಕು ಕುಡಿದರೂ ಸ್ಟಿಯರಿಂಗ್ ಮುಟ್ಟುವುದಿಲ್ಲ. ಕಳ್ಳನೂ ಮುಟ್ಟುವುದಿಲ್ಲ. ಆ ಮರ್ಯಾದೆಯಲ್ಲೇ ಬೆಳೆದವಳು ನಾನು, ಅದೇ ಸರಿ ಎಂದು ಮಕ್ಕಳಿಗೂ ಹೇಳಿದವಳು. ಅವತ್ತು ಮಾತ್ರ, "ಬಿದ್ದು ಸತ್ರೂ ಪರ್ವಾಗಿಲ್ಲ, ಓಡ್ಸಿ" ಎಂದು ಕಿರುಚಿದೆ. ಅವನು ಓಡಿಸಲಿಲ್ಲ. ದೋಣಿಗೆ ಹುಟ್ಟು ಹಾಕಿಕೊಂಡು ದಡಕ್ಕೆ ಬಂದು ಟ್ಯಾಕ್ಸಿ ಹಿಡಿಯುತ್ತೇನೆ ಎಂದ. ಹಬ್ಬದ ದಿನ ಆ ಸೀಮೆಗೆಲ್ಲ ಇದ್ದದ್ದು ಒಂದೇ ಟ್ಯಾಕ್ಸಿ, ಅದೂ ಅರವತ್ತು ಕಿಲೋಮೀಟರು ದೂರದಲ್ಲಿ. ಹಳ್ಳಿಗೆ ಪೊಲೀಸರನ್ನು ಕಳಿಸಿ ಎಂದು ನೂಷಿನ್ ಕೇಳಿಕೊಂಡಳು. ಇದ್ದ ಒಂದು ಗಾಡಿ ಹೆದ್ದಾರಿಯ ಅಪಘಾತಕ್ಕೆ ಹೋಗಿತ್ತು.

ನಾಲ್ಕೂ ಕಾಲಿಗೆ ಅಕ್ಕನ ನೆರೆಯವನು ಎರ್ಲಂಡ್ ಸಿಕ್ಕ. ಎಂಬತ್ತು ದಾಟಿದ ಮುದುಕ, ಅವಳ ಮನೆಯ ಕೀಲಿ ಅವನ ಹತ್ತಿರ ಇರುತ್ತದೆ. ಫೋನು ಕಿವಿಗಿಟ್ಟುಕೊಂಡೇ ಅವಳ ಮನೆಗೆ ನಡೆದ. ಏದುಸಿರು ಕೇಳುತ್ತಿತ್ತು. "ಸಿಕ್ತು ಕಣಮ್ಮಾ. ವಾರದ ಡಬ್ಬಿ. ಸೋಮವಾರ, ಮಂಗಳವಾರ ಅಂತ ಮನೆ ಮನೆ ಇದೆಯಲ್ಲ, ಅದು."

"ಪೆಟ್ಟಿಗೆ ಇಲ್ವಾ, ಹೆಸರು ಬರೆದಿರೋದು?"

"ಪೆಟ್ಟಿಗೆ ಎಲ್ಲ ಎಸೆದಿದ್ದಾಳೆ. ಕಾಗದ ಬೇರೆ, ಪ್ಲಾಸ್ಟಿಕ್ ಬೇರೆ. ಅವಳ ಸ್ವಭಾವ ನಿನಗೆ ಗೊತ್ತಲ್ಲ. ಕಸದ ಗಾಡಿ ನಿನ್ನೆ ಬಂದು ಹೋಯ್ತು."

"ಮಾತ್ರೆ ಹೇಗಿದೆ?" ನೂಷಿನ್ ಬಗ್ಗಿ ಕೇಳಿದಳು.

"ಒಂದು ಬಿಳಿ. ಒಂದು ತಿಳಿಗುಲಾಬಿ."

"ಗುಲಾಬಿಯದರ ಮೇಲೆ ಏನು ಕೊರೆದಿದೆ?"

"ಏನೋ ಇದೆ. ಇರುವೆ ಹರಿದ ಹಾಗಿದೆ. ಕನ್ನಡಕ ಮನೇಲಿ ಬಿಟ್ಟು ಬಂದೆ. ಹಾಕ್ಕೊಂಡ್ರೂ ಕಾಣಲ್ಲ ಬಿಡು, ಕಣ್ಣಿಗೆ ಪೊರೆ."

ನೂಷಿನ್ ಕಣ್ಣು ಮುಚ್ಚಿಕೊಂಡಳು. ರಕ್ತ ತೆಳು ಮಾಡುವ ಆ ಮಾತ್ರೆಯೂ ತಿಳಿಗುಲಾಬಿಯೇ. ಪರದೆಯ ತಜ್ಞ ಬೇಡ ಎಂದು ತಲೆಯಾಡಿಸಿದ. ಎರ್ಲಂಡ್ ಓದಬಲ್ಲವರನ್ನು ಹುಡುಕುತ್ತೇನೆಂದು ರಸ್ತೆಗೆ ಹೋದ. ರಸ್ತೆಯಲ್ಲಿ ಯಾರಿದ್ದರು? ಎಲ್ಲರೂ ಕೆರೆದಂಡೆಯಲ್ಲಿದ್ದರು.

ಐದು ಗಂಟೆಗೆ ನನ್ನ ತಲೆ ಕೆಟ್ಟಿತು. ಅಕ್ಕನ ಫೋನು ಹಾಸಿಗೆಯ ಮೇಲೆ ಬಿದ್ದಿತ್ತು. ಹೊರಗಿನವರಿಗೆ ತಡೆ ಇದ್ದರೂ ಅವಳ ಕಡತ ಅವಳಿಗೆ ಕಾಣುತ್ತದಲ್ಲ! ಅವಳ ಸತ್ತ ಬಲಗೈ ಎತ್ತಿದೆ. ತಣ್ಣಗಿತ್ತು, ಭಾರವಾಗಿತ್ತು. ಹೆಬ್ಬೆರಳನ್ನು ಫೋನಿನ ಮೇಲೆ ಒತ್ತಿದೆ. ತೆರೆಯಿತು. ಆರೋಗ್ಯದ ಪುಟ ತೆಗೆದೆ. ಆರು ಅಂಕಿಯ ಗುಟ್ಟಿನ ಸಂಖ್ಯೆ ಕೇಳಿತು.

ನೂಷಿನ್ ಕಿಟಕಿಯ ಕಡೆ ತಿರುಗಿ ನಿಂತಳು. "ನಾನು ಏನೂ ನೋಡ್ತಿಲ್ಲ" ಎಂದಳು.

ಅಮ್ಮನ ಹುಟ್ಟುಹಬ್ಬ ಹೊಡೆದೆ. ತಪ್ಪು. ಅವಳು ಶಾಲೆಯಲ್ಲಿ ಕೆಲಸಕ್ಕೆ ಸೇರಿದ ತಾರೀಖು, ಪ್ರತಿವರ್ಷ ಕೇಕು ತರುತ್ತಿದ್ದಳು. ತಪ್ಪು. ಇನ್ನು ಒಂದೇ ಅವಕಾಶ. ಆಗ ಅಕ್ಕನ ಎಡಗೈ ಬಂದು ನನ್ನ ಮಣಿಕಟ್ಟು ಹಿಡಿಯಿತು. ಗಟ್ಟಿಯಾಗಿ ಹಿಡಿಯಿತು. ಅವಳ ಕಣ್ಣು ನನ್ನ ಮೇಲೇ ಇತ್ತು. ಮತ್ತೆ ನನ್ನ ಬಾಗಿಲು ಒಡೀತಿದ್ದೀಯಾ ಎಂದು ತಡೆದಳೋ, ಬೇಗ ಮಾಡೇ ಎಂದು ಅವಸರಿಸಿದಳೋ, ಇವತ್ತಿಗೂ ನನಗೆ ಗೊತ್ತಿಲ್ಲ. "ಹೇಳೇ ಅಕ್ಕಾ, ಬೆರಳಲ್ಲಿ ತೋರ್ಸೇ" ಎಂದು ಗೋಗರೆದೆ. ಅವಳು ಎಡಗೈಯ ಬೆರಳನ್ನು ಅಂಕಿಗಳ ಮೇಲೆ ಇಟ್ಟಳು. ಮೂರರ ಮೇಲೆ. ಮತ್ತೆ ಮೂರು. ಮತ್ತೆ ಮೂರು. ಆರು ಸಲವೂ ಮೂರು. ಪುಟ ಮುಚ್ಚಿಕೊಂಡಿತು. ಗಣಿತದ ಮೇಷ್ಟ್ರಿಗೆ ಅಂಕಿಗಳು ಹೊರಟುಹೋಗಿದ್ದವು.

ಐದೂವರೆ. ನೂಷಿನ್ ತಜ್ಞನ ಜೊತೆ ಕೊನೆಯ ಸಲ ಮಾತಾಡಿದಳು. ತಿಳಿಯದೆ ಕೊಟ್ಟರೆ ನಾವೇ ಕೊಂದಂತೆ ಎಂದ ಆತ. ನಾನು ನೂಷಿನ್‌ಳ ಕೈ ಹಿಡಿದೆ. "ನಾನು ಸುಳ್ಳು ಹೇಳ್ದೆ ಅಂದ್ಕೊಳ್ಳಿ. ನಾನೇನೂ ಓದ್ಲಿಲ್ಲ ಅಂದ್ಕೊಂಡು ಕೊಟ್ಬಿಡಿ."

"ಹಾಗೆ ಆಗಲ್ಲ ಬ್ರಿಟ್ಟಾ" ಎಂದಳು ಅವಳು. ಅವಳ ಕಣ್ಣಲ್ಲೂ ನೀರಿತ್ತು. "ಕೇಳಿದ ಮೇಲೆ ಕೇಳಿಲ್ಲ ಅನ್ನೋಕಾಗಲ್ಲ."

ಐದು ನಲವತ್ತಾಯಿತು. ಏನೂ ಆಗಲಿಲ್ಲ. ಗಂಟೆ ಬಾರಿಸಲಿಲ್ಲ, ಯಾರೂ ಅಳಲಿಲ್ಲ. ನರ್ಸು ಬಂದು ಆ ಸಣ್ಣ ಶೀಸೆಯನ್ನು ತೆಗೆದುಕೊಂಡು ಹೋದಳು. ಸಿಕ್ಸ್ಟೆನ್ ನನಗೆ ನೀರು ತಂದುಕೊಟ್ಟ.

ಆರು ಗಂಟೆ ಐದು ನಿಮಿಷಕ್ಕೆ ತೂರ್‌ಬ್ಯೋರ್ನ್ ಫೋನು ಮಾಡಿದ. ಟ್ಯಾಕ್ಸಿ ಸಿಕ್ಕಿತ್ತು, ಓಡಿಬಂದಿದ್ದ, ಮಾತು ತೊದಲುತ್ತಿತ್ತು. ತಡೆ ತೆಗೆದಿದ್ದ. ನೂಷಿನ್‌ಳ ಪರದೆಯ ಮೇಲೆ ಅಕ್ಕನ ಕಡತ ತಾನೇ ತೆರೆದುಕೊಂಡಿತು. ನಾನು ಮುಖ ಆ ಕಡೆ ತಿರುಗಿಸಿದೆ.

"ಓದಿ. ಗಟ್ಟಿಯಾಗಿ ಓದಿ" ಎಂದೆ.

ಅವಳು ಮೆಲ್ಲಗೆ ಓದಿದಳು. ತಾಳ ತಪ್ಪಿದ್ದು ಥೈರಾಯ್ಡಿನ ದೋಷದಿಂದ. ಅದಕ್ಕೆ ಔಷಧ ಕೊಟ್ಟ ಮೇಲೆ ಹೃದಯ ಸರಿಹೋಯಿತು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಆರಂಭಿಸಿದ ನಾಲ್ಕನೇ ತಿಂಗಳಿಗೇ ನಿಲ್ಲಿಸಲಾಗಿದೆ. ಈಗ ಇರುವುದು ಎರಡೇ. ಬಿಳಿಯದು ಥೈರಾಯ್ಡಿಗೆ, ಗುಲಾಬಿಯದು ರಕ್ತದೊತ್ತಡಕ್ಕೆ.

ಎರಡು ಐವತ್ತೈದಕ್ಕೆ ಆ ಔಷಧ ಅವಳ ರಕ್ತಕ್ಕೆ ಇಳಿಯಬೇಕಿತ್ತು. ನರ್ಸು ಅದನ್ನು ಕೈಯಲ್ಲಿ ಹಿಡಿದಿದ್ದಳು. ನಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅವತ್ತು ಮಂಗಳವಾರ ಪೂರ್ತಿಯಾಗಿ ಓದಿದ್ದರೂ ಮಾತ್ರೆ ನಿಲ್ಲಿಸಿದ್ದು ಅದರಲ್ಲಿ ಇರುತ್ತಿರಲಿಲ್ಲ, ಅದು ಆಮೇಲೆ ನಡೆದದ್ದು. ಬೀಗ ಇಲ್ಲದಿದ್ದರೆ ನೂಷಿನ್ ಒಂದೇ ನಿಮಿಷದಲ್ಲಿ ಎಲ್ಲ ನೋಡುತ್ತಿದ್ದಳು. ಬೀಗ ಹಾಕಿಸಿದವಳು ನಾನು. ಎತ್ತ ತಿರುಗಿಸಿ ನೋಡಿದರೂ ನನ್ನ ಮುಖವೇ ಕಾಣುತ್ತದೆ.

ಅಂದು ಸಂಜೆ ಅರ್ಧ ತೆರೆದ ಬಾಗಿಲಿನಾಚೆ ನೂಷಿನ್ ಯಂತ್ರಕ್ಕೆ ಹೇಳುತ್ತಿದ್ದುದು ಕೇಳಿಸಿತು. "ಹತ್ತಿರದ ಸಂಬಂಧಿಯ ಹೇಳಿಕೆಯ ಪ್ರಕಾರ ರೋಗಿಯು ರಕ್ತ ತೆಳುವಾಗಿಸುವ ಔಷಧ ಸೇವಿಸುತ್ತಿದ್ದು, ಆದ್ದರಿಂದ ಚಿಕಿತ್ಸೆ..." ವಾಕ್ಯದ ಬಾಲವನ್ನು ಮತ್ತೆ ನುಂಗಿದಳು. ಅದನ್ನು ನಾನು ಟೈಪು ಮಾಡಲಿಲ್ಲ. ಸೋಮವಾರ ಬೆಳಿಗ್ಗೆ ಮೇಲಧಿಕಾರಿಯ ಮುಂದೆ ಎಲ್ಲ ಹೇಳಿ, ನನ್ನ ಗುರುತಿನ ಕಾರ್ಡು ಮೇಜಿನ ಮೇಲಿಟ್ಟು ಬಂದೆ. ಪೊಲೀಸರಿಗೂ ತಿಳಿಸುವುದು ಅವರ ಕರ್ತವ್ಯವಂತೆ. ತಿಳಿಸಲಿ.

ಅಕ್ಕ ಬದುಕಿದ್ದಾಳೆ. ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುತ್ತಾಳೆ. ನೂಷಿನ್ ಎರಡು ಸಲ ಬಂದು ನೋಡಿ ಹೋದಳು. "ನಿಮ್ಮ ಜಾಗದಲ್ಲಿ ಯಾರಿದ್ರೂ ನಿಲ್ಸಿ ಅಂತಿದ್ರು" ಎಂದಳು. ನನ್ನ ಜಾಗದಲ್ಲಿ ಬೇರೆ ಯಾರೂ ಇರುತ್ತಿರಲಿಲ್ಲ, ಅದೇ ಅಲ್ಲವೇ ಕಥೆ.

ಮಾತು ಕಲಿಸುವ ಹುಡುಗಿ ದಿನಾ ಬರುತ್ತಾಳೆ. ಮೂರು ತಿಂಗಳ ಮೇಲೆ ಅಕ್ಕನ ಬಾಯಿಗೆ ಒಂದೇ ಒಂದು ಮಾತು ಮರಳಿದೆ. "ಇಲ್ಲ." ಬೇಕಾದದ್ದಕ್ಕೂ ಇಲ್ಲ, ಬೇಡವಾದದ್ದಕ್ಕೂ ಇಲ್ಲ. ಅದರರ್ಥ ಏನೂ ಆಗಿರಬಹುದು, ಅದನ್ನು ಹಿಡಿದು ತೀರ್ಮಾನಕ್ಕೆ ಬರಬೇಡಿ ಎಂದು ಆ ಹುಡುಗಿ ಹೇಳಿದ್ದಾಳೆ.

ನಾನು ದಿನಾ ಮಧ್ಯಾಹ್ನ ಫ್ಲಾಸ್ಕಿನಲ್ಲಿ ಕಾಫಿ ಒಯ್ಯುತ್ತೇನೆ. ಆ ಲಕೋಟೆ ನನ್ನ ಕೈಚೀಲದಲ್ಲೇ ಇರುತ್ತದೆ. ನಿನ್ನೆ ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ಇಷ್ಟು ದಿನ ಗಂಟಲಲ್ಲೇ ಸಿಕ್ಕಿಕೊಂಡಿದ್ದನ್ನು ಕೇಳಿಯೇಬಿಟ್ಟೆ.

"ನನ್ನ ಮೇಲೆ ಕೋಪ ಇದೆಯೇನೇ ಅಕ್ಕಾ?"

"ಇಲ್ಲ" ಎಂದಳು.

ಅಷ್ಟಕ್ಕೇ ಬಾಯಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ.

"ಹಾಗಾದ್ರೆ ನನ್ನ ಕ್ಷಮಿಸಿದ್ದೀಯಾ?"

ಅವಳು ನನ್ನ ಕಣ್ಣನ್ನೇ ನೋಡಿದಳು.

"ಇಲ್ಲ."

ನಾನು ಫ್ಲಾಸ್ಕಿನ ಮುಚ್ಚಳ ತೆಗೆದು ಇನ್ನೊಂದು ಲೋಟ ಕಾಫಿ ಬೇಕಾ ಎಂದು ಕೇಳಿದೆ. ಇಲ್ಲ ಎಂದಳು, ಎಡಗೈಯಲ್ಲಿ ಲೋಟವನ್ನು ಮುಂದೆ ಹಿಡಿದಳು. ಅದು ಮೂರನೇ ಲೋಟ. ನಾನು ಏನೂ ಅನ್ನದೆ ಬಗ್ಗಿಸಿದೆ.